ಮಾವನವರ ದನಿ ಇಟ್ಟುಕೊಂಡಿದ್ದ ಗಿಳಿ

ಕಾಡನ್ನೇ ಕಾಣದ ಹಕ್ಕಿಯನ್ನು ಕಾಡಿನ ಜೀವಿ ಎಂದು ಕಾನೂನು ಯಾಕೆ ಎಣಿಸಬೇಕು ಎಂದು ನನ್ನ ತಮ್ಮ ಕೇಳಿದಾಗ ನಾನು ಅವನ ಕಡೆಗೇ ಇದ್ದೆ. ಈಗಲೂ ಅರ್ಧ ಅವನ ಕಡೆಗೇ ಇದ್ದೇನೆ. ಇನ್ನರ್ಧ ಆಚೆ ಹೋದದ್ದು ನಲ್ಲೂರಿನ ಹುಣಸೆ ತೋಪಿನಲ್ಲಿ, ಒಂದು ಮಂಗಳವಾರ. ಅದನ್ನು ಹೇಳಬೇಕಾದರೆ ಗಿಳಿಯಿಂದಲೇ ಶುರು ಮಾಡಬೇಕು.

ತಮ್ಮ ಹೊಸಕೋಟೆಯ ಹೊರಗೆ ನಮ್ಮ ತವರಿನ ಜಮೀನಿನಲ್ಲಿ ಹೊರದೇಶದ ಗಿಳಿಗಳನ್ನು ಸಾಕಿ ಮರಿ ಮಾಡಿಸುತ್ತಾನೆ. ಆ ಶೆಡ್ಡಿನಲ್ಲಿ ಮೊದಲು ಫಾರಂ ಕೋಳಿ ಇದ್ದವು. ಕೋಳಿಯ ವಾಸನೆಗೆ ಬೈದು ಬೈದು ಅಪ್ಪನಿಗೆ ಸಾಕಾಗಿ, ಬೈಸಿಕೊಂಡು ಇವನಿಗೂ ಸಾಕಾಗಿ, ಕೊನೆಗೆ ಬಣ್ಣಬಣ್ಣದ ಗಿಳಿಗಳು ಬಂದವು. ತಂತಿ ಬಲೆಯ ಗೂಡುಗಳು, ಒಳಗೆ ಮೊಟ್ಟೆಯಿಡಲು ಹಲಗೆಯ ಪೆಟ್ಟಿಗೆಗಳು, ಚಳಿಗಾಲಕ್ಕೆ ಬಲ್ಬು. ಮರಿಗಳಿಗೆ ಹಿಟ್ಟು ಕಲಸಿ ಸಿರಿಂಜಿನಲ್ಲಿ ಬಾಯಿಗೆ ಹಾಕುತ್ತಾನೆ. ಸ್ವಂತ ಮಗಳಿಗೆ ಇವನು ಒಂದು ದಿನ ಗಂಜಿ ಕುಡಿಸಿದ್ದನ್ನು ನಾನು ನೋಡಿಲ್ಲ. ಗಿಳಿಮರಿಗೆ ಮಾತ್ರ ಬಿಸಿ ಹೆಚ್ಚಾಯಿತೇನೋ ಎಂದು ಮಣಿಕಟ್ಟಿನ ಮೇಲೆ ತೊಟ್ಟು ಬಿಟ್ಟು ನೋಡುತ್ತಾನೆ.

ನಮ್ಮ ಗಿಳಿ ಅಲ್ಲಿಂದ ಬಂದದ್ದು. ಬೂದು ಮೈ, ಕೆಂಪು ಬಾಲ, ಆಫ್ರಿಕಾದ ಜಾತಿ. ಹಾಗೆಂದು ಇದಾಗಲಿ ಇದರ ತಾಯಿಯಾಗಲಿ ಆಫ್ರಿಕಾ ಕಂಡದ್ದಲ್ಲ. ಗೌರಿ ಹಬ್ಬಕ್ಕೆ ನನಗೆ ಬಾಗಿನ ಕೊಡಲು ಬಂದ ತಮ್ಮ, ಮೊರದ ಜೊತೆಗೆ ಒಂದು ಪಂಜರವನ್ನೂ ತಂದು ನಡುಮನೆಯಲ್ಲಿಟ್ಟ.

"ಇದು ಮಾತಾಡ್ತದೆ ಕಣಕ್ಕ. ನಿಮ್ಮನೇಲಿ ಮಾತಿಗೇನು ಬರ ಇಲ್ಲ, ಬೇಗ ಕಲ್ತ್ಕೊಳ್ತದೆ," ಎಂದ.

ನಾನು ಮದುವೆಯಾಗಿ ಬಂದದ್ದು ಬೂದಿಗೆರೆ ಕಡೆಯ ಒಂದು ಹಳ್ಳಿಗೆ. ಸೀಬೆ ತೋಟ, ಒಂದಿಷ್ಟು ರಾಗಿ, ಕೊಟ್ಟಿಗೆಯಲ್ಲಿ ಹಸು. ನನ್ನ ಗಂಡ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಾರೆ, ನಾನು ಊರಿನ ಡೈರಿಯಲ್ಲಿ ಹಾಲು ಅಳೆಯುತ್ತೇನೆ, ತೋಟ ಮಾವನವರದು. ಮಾವನವರಿಗೆ ಗಿಳಿ ಎಂದರೆ ಕಳ್ಳ. ನಮ್ಮ ಕಡೆಯ ಹಸಿರು ಗಿಳಿಗಳು ಸೀಬೆ ಹಣ್ಣಾಗುವ ಮೊದಲೇ ಒಂದೊಂದು ಕಾಯಿಗೂ ಒಂದೊಂದು ಕಚ್ಚು ಹಾಕಿ ಬಿಸಾಡಿ ಹೋಗುತ್ತವೆ. ಒಂದನ್ನೇ ಹಿಡಿದು ಪೂರ್ತಿ ತಿಂದರೆ ಯಾರು ಬೇಡ ಅಂದರು ಎನ್ನುವುದು ಅವರ ಜನ್ಮದ ದೂರು. ಕವಣೆ ಬೀಸಿ ಬೀಸಿ ಅವರ ಬಲಭುಜ ಎಡಭುಜಕ್ಕಿಂತ ದಪ್ಪವಾಗಿದೆ ಎಂದು ಅತ್ತೆ ರೇಗಿಸುತ್ತಿದ್ದರು.

"ತೋಟದಲ್ಲಿ ಕಲ್ಲು ಹೊಡೀತೀನಿ, ಮನೇಲಿ ಕೂರಿಸ್ಕೊಂಡು ಉಪಚಾರ ಮಾಡ್ಬೇಕಾ ಇದಕ್ಕೆ?" ಎಂದು ಮಾವ ಅವತ್ತು ಗೊಣಗಿದರು.

ಒಂದು ವಾರ ಕಳೆಯಲಿಲ್ಲ. ತೋಟದಿಂದ ಬರುವಾಗ ಒಳ್ಳೆಯ ಸೀಬೆಯೊಂದನ್ನು ಪಂಚೆಯ ಅಂಚಿನಲ್ಲಿ ಒರೆಸಿಕೊಂಡು ಬಂದು ಪಂಜರಕ್ಕೆ ಸಿಕ್ಕಿಸತೊಡಗಿದರು. ಅದೂ ಎರಡು ಕಚ್ಚು ಹಾಕಿ ಬಿಸಾಡುತ್ತಿತ್ತು. ಹುಟ್ಟುಗುಣ ಎಂದು ಮಾವ ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ಗಿಳಿ ಮೊದಲು ಕಲಿತದ್ದು ಮಾತನ್ನಲ್ಲ. ನಮ್ಮ ಮನೆಯ ಹಿಂದೆ ಲೇಔಟ್ ಆಗುತ್ತಿತ್ತು. ಮಣ್ಣು ತರುವ ಟಿಪ್ಪರ್ ಲಾರಿಗಳು ಹಿಂದಕ್ಕೆ ಬರುವಾಗ ಪೀಂ ಪೀಂ ಎಂದು ಕೂಗಿಕೊಳ್ಳುತ್ತವಲ್ಲ, ಅದನ್ನು ಕಲಿತಿತು. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ನನ್ನ ಗಂಡ ಲಾರಿ ಬಂತೆಂದು ಪಕ್ಕಕ್ಕೆ ಜಿಗಿದು ಬಚ್ಚಲ ಕಲ್ಲಿಗೆ ಎಡವಿ ಬಿದ್ದದ್ದೂ ಆಯಿತು. ಮಾತು ಬಂದದ್ದು ಆಮೇಲೆ.

ಅತ್ತೆ ಮಾವ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರಲ್ಲ. ಕನ್ನಡಕ ಸಿಗದಿದ್ದರೂ, ಬಿಸಿಲಲ್ಲಿ ಬಂದು ಚೆಂಬು ನೀರು ಬೇಕಾದರೂ, ಏನೂ ಬೇಡದಿದ್ದರೂ ಮಾವ "ಲೇ ಇವಳೇ" ಎನ್ನುವರು. ಒಳಗಿಂದ ಅತ್ತೆ "ಬಂದೆ ಇರ್ರೀ" ಎನ್ನುವರು. ಬರುವುದು ಮಾತ್ರ ತಮಗೆ ಪುರುಸೊತ್ತಾದಾಗ. ಗಿಳಿ ಇದೆರಡನ್ನೂ ಎತ್ತಿಕೊಂಡಿತು. ಅತ್ತೆಯ ದನಿ ಥೇಟ್ ಅತ್ತೆಯದೇ. ಮಾವನವರ ದನಿ, ಕೊನೆಯಲ್ಲಿ ಸ್ವಲ್ಪ ಎಳೆಯುವ ಆ ರಾಗದ ಸಮೇತ, ಮಾವನವರದೇ. ಅತ್ತೆ ಒಲೆಯ ಮೇಲಿನ ಹಾಲು ಬಿಟ್ಟು ಓಡಿ ಬಂದರೆ ಮಾವ ಮನೆಯಲ್ಲೇ ಇರುತ್ತಿರಲಿಲ್ಲ.

"ಇರೋ ಒಬ್ರ ಕೂಗಿಗೇ ನಂಗೆ ಸಾಕಾಗಿದೆ, ನಿನ್ ತಮ್ಮ ಇನ್ನೊಂದು ಬಾಯಿ ತಂದಿಟ್ಟ ನೋಡು," ಎಂದು ನನ್ನ ಮೇಲೆ ಹರಿಹಾಯುವರು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನಗು ಜಾಸ್ತಿ ಇತ್ತು.

ಮರುವರ್ಷ ಮಾವನವರಿಗೆ ಲಕ್ವ ಹೊಡೆಯಿತು. ಬೆಳಗಿನ ಹಾಲು ಅಳೆಯುತ್ತಿದ್ದವಳು ಕ್ಯಾನುಗಳನ್ನು ಹಾಗೇ ಬಿಟ್ಟು ಓಡಿ ಬಂದೆ. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗಾಲು ಎಳೆದುಕೊಂಡು ನಡೆಯುವಷ್ಟು ಬಂತು, ಬಲಗೈ ಲೋಟ ಹಿಡಿಯುವಷ್ಟು ಬಂತು. ಮಾತು ಬರಲಿಲ್ಲ. ಅವರಿಗೆ ಎಲ್ಲ ಅರ್ಥವಾಗುತ್ತದೆ, ಬುದ್ಧಿ ಸರಿಯಾಗಿಯೇ ಇದೆ, ಪದ ಮಾತ್ರ ಬಾಯಿಗೆ ಸಿಗುತ್ತಿಲ್ಲ ಎಂದು ಡಾಕ್ಟರು ಹೇಳಿದರು. ಮಾತಿನ ತರಬೇತಿ ಕೊಡುವ ಮೇಡಂ ಒಬ್ಬರು ಸಣ್ಣ ಸಣ್ಣ ಪದಗಳನ್ನು ಹೇಳಿಸಬೇಕೆಂದರು. ಊರಿನ ನ್ಯಾಯ ಪಂಚಾಯ್ತಿಯಲ್ಲಿ ಕೂತು ಎರಡೂ ಕಡೆಯವರನ್ನು ಬೈದು ಒಂದು ಮಾಡಿ ಕಳಿಸುತ್ತಿದ್ದ ಮನುಷ್ಯನಿಗೆ "ನೀರು ಅನ್ನಿ, ಅನ್ನ ಅನ್ನಿ" ಎಂದರೆ ಹೇಗಾಗಬೇಡ. ಮುಖ ತಿರುಗಿಸಿಬಿಡುತ್ತಿದ್ದರು. ನೆಂಟರು ನೋಡಲು ಬಂದರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚಿ ಕೂರುವರು. ನಾಚಿಕೆ ಅದು. ನನಗೆ ನೋಡಲಾಗುತ್ತಿರಲಿಲ್ಲ.

ಆಸ್ಪತ್ರೆಯಿಂದ ಕರೆತಂದ ದಿನವೇ ಅದು ಆದದ್ದು. ಮಾವನವರನ್ನು ನಡುಮನೆಯ ಮಂಚದ ಮೇಲೆ ಕೂರಿಸಿದೆವು. ಎಷ್ಟೋ ದಿನದ ಮೇಲೆ ಅವರನ್ನು ಕಂಡ ಗಿಳಿ ಸರಳಿನ ಹತ್ತಿರ ಬಂದು ತಲೆ ಓರೆ ಮಾಡಿ ನೋಡಿತು. ಆಮೇಲೆ ಅವರ ದನಿಯಲ್ಲೇ, ಗಟ್ಟಿಮುಟ್ಟಾಗಿದ್ದ ಕಾಲದ ಅವರ ದನಿಯಲ್ಲೇ, "ಲೇ ಇವಳೇ" ಎಂದಿತು.

ಅಡುಗೆಮನೆಯಲ್ಲಿದ್ದ ಅತ್ತೆ ಅಭ್ಯಾಸಬಲದಿಂದ "ಬಂದೆ ಇರ್ರೀ" ಎಂದುಬಿಟ್ಟರು. ಅಂದಮೇಲೆ ಅವರಿಗೆ ಗೊತ್ತಾಯಿತು. ಬಾಗಿಲಿಗೆ ಬಂದವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ನಿಂತರು. ನನಗೂ ಅಳು ತಡೆಯಲಾಗಲಿಲ್ಲ. ಪಂಜರವನ್ನು ಕೊಟ್ಟಿಗೆಗೆ ಸಾಗಿಸೋಣ, ಅಪ್ಪನ ಹೊಟ್ಟೆ ಉರಿಸುವುದು ಬೇಡ ಎಂದು ನನ್ನ ಗಂಡ ಎತ್ತಿಕೊಳ್ಳಲು ಹೋದರು. ಮಾವ ಎಡಗೈ ಎತ್ತಿ ಬೇಡವೆಂದರು. ಅವರ ಕಣ್ಣು ಗಿಳಿಯ ಮೇಲೇ ಇತ್ತು.

ಆಮೇಲೆ ದಿನವೂ ಬೆಳಗ್ಗೆ ಅವರ ಕುರ್ಚಿ ಪಂಜರದ ಪಕ್ಕಕ್ಕೆ ಹೋಗುತ್ತಿತ್ತು. ನಾವು ಹೇಳಿಕೊಟ್ಟರೆ ಬಾಯಿ ಬಿಗಿಹಿಡಿಯುವ ಮಾವ ಗಿಳಿಯ ಎದುರು ತುಟಿ ಅಲ್ಲಾಡಿಸುತ್ತಿದ್ದರು. ಗಿಳಿ ನಗುವುದಿಲ್ಲ, ಅಯ್ಯೋ ಪಾಪ ಎನ್ನುವುದಿಲ್ಲ, ಸರಿಯಾಗಿ ಹೇಳಿದಿರಿ ಎಂದು ಚಪ್ಪಾಳೆ ತಟ್ಟುವುದೂ ಇಲ್ಲ. ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತದೆ, ಅಷ್ಟೇ. ಮೊದಲು ಬರೀ ಉಸಿರು ಬಂತು. ತಿಂಗಳುಗಳ ಮೇಲೆ "ಲೇ" ಬಂತು. ನಾನು ಅಂಗಳದಲ್ಲಿ ಕಸ ಗುಡಿಸುತ್ತಿದ್ದಾಗ ಒಳಗಿಂದ ಒಂದೇ ಮಾತು ಎರಡು ದನಿಯಲ್ಲಿ ಕೇಳುತ್ತಿತ್ತು. ಗಿಳಿಯದು ಇಡೀ ದನಿ, ಮಾವನವರದು ಮುರುಕು ದನಿ. ತಮ್ಮದೇ ದನಿಯನ್ನು ಅವರು ಅದರ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದರು. ಆ ಹಕ್ಕಿಯ ಋಣ ನಮ್ಮ ಮನೆಯ ಮೇಲೆ ದೊಡ್ಡದು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಮಾವ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರು. ಮುಖ ಕಿವುಚಿದರು. "ಸಾರಿಗೆ... ಉಪ್ಪಿಲ್ಲ," ಎಂದರು.

ಅತ್ತೆಗೆ ತಮ್ಮ ಅಡುಗೆಯನ್ನು ಬೈದದ್ದಕ್ಕೆ ಅಷ್ಟು ಸಂತೋಷವಾದದ್ದು ಅದೇ ಮೊದಲು. ಹಿಂದುಮುಂದು ನೋಡದೆ ಸಾರಿಗೆ ಹಿಡಿ ಉಪ್ಪು ಸುರಿದರು. ಆ ಸಾರನ್ನು ಯಾರಿಗೂ ತಿನ್ನಲಾಗಲಿಲ್ಲ, ಯಾರೂ ದೂರಲೂ ಇಲ್ಲ. ಅಲ್ಲಿಂದ ಮಾವ ಮನೆಯೊಳಗೆ ಒಂದೆರಡು ಮಾತಾಡತೊಡಗಿದರು. ಹೊಸ್ತಿಲಾಚೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಡೈರಿಗೆ ಹಾಲು ಹಾಕಲು ಹೋಗುವವರು ಮಾತಾಡಿಸಿದರೂ ತಲೆಯಾಡಿಸಿ ಸುಮ್ಮನಾಗುವರು.

ತಮ್ಮ ಸಿಟ್ಟು ಹೊತ್ತುಕೊಂಡು ಬಂದದ್ದು ಆ ಸಮಯದಲ್ಲೇ. ವಿನಾಶದ ಅಂಚಿನಲ್ಲಿರುವ ಹೊರದೇಶದ ಹಕ್ಕಿಗಳೂ ಇನ್ನು ವನ್ಯಜೀವಿ ಕಾನೂನಿನ ಪಟ್ಟಿಗೆ ಸೇರುತ್ತವೆ, ಸಾಕಿಕೊಂಡವರೆಲ್ಲ ನೋಂದಾಯಿಸಬೇಕು ಎಂದು ಆಗಿತ್ತು. ಶೆಡ್ಡಿನಲ್ಲೇ ಹುಟ್ಟಿದವಕ್ಕೂ ಅದೇ ನಿಯಮ.

"ಮೊಟ್ಟೆ ಒಡೆದು ಮರಿಯಾದ್ರೆ ಹೇಳು, ಸತ್ರೆ ಹೇಳು, ಯಾರಿಗಾದ್ರೂ ಕೊಟ್ರೆ ಹೇಳು. ಸೊಸೆ ಬಸುರಿ ಅಂತ ಅತ್ತೆಗೂ ಇಷ್ಟು ಬೇಗ ಹೇಳಲ್ಲ ಕಣಕ್ಕ," ಎಂದ. "ನಮ್ ಹಸಿರು ಗಿಳೀನ ಪಂಜರಕ್ಕೆ ಹಾಕ್ಬಾರ್ದು ಅಂತಾರೆ. ಸರಿ, ಒಪ್ಕೊಂಡೆ, ಅದು ಮರದ ಪೊಟರೇಲಿ ಹುಟ್ಟಿದ್ದು. ನನ್ ಮರಿ ಹುಟ್ಟಿದ್ದು ಹಲಗೆ ಪೆಟ್ಟಿಗೇಲಿ, ಬೆಳೆದಿದ್ದು ನನ್ ಕೈಯಲ್ಲಿ. ಇದಕ್ಕೂ ಕೋಳಿಗೂ ಏನ್ ವ್ಯತ್ಯಾಸ? ಕೋಳಿಗೆ ಯಾರಾದ್ರೂ ಅರಣ್ಯ ಇಲಾಖೆಗೆ ಹೋಗ್ತಾರಾ?"

"ಯಾರೋ ಕಾಡಲ್ಲಿ ಹಿಡ್ಕೊಂಡ್ ಬಂದು, ಇದು ನಮ್ ಶೆಡ್ಡಲ್ಲೇ ಹುಟ್ಟಿದ್ದು ಅಂತ ಸುಳ್ಳು ಹೇಳಿದ್ರೆ ಏನ್ ಮಾಡ್ತಾರೋ?" ಎಂದು ನಾನು ಕೇಳಿದೆ.

ಅವನು ನಮ್ಮ ಗಿಳಿಯ ಕಾಲನ್ನು ತೋರಿಸಿದ. ಕಾಲಿಗೆ ಬೆಸುಗೆಯಿಲ್ಲದ ಒಂದು ಸಣ್ಣ ಬಳೆ ಇದೆ. ಮರಿ ಕಣ್ಣು ಬಿಡುವ ಸುಮಾರಿಗೆ, ಪಾದ ಇನ್ನೂ ಮೆತ್ತಗಿರುವಾಗ, ಬೆರಳುಗಳನ್ನು ಒಟ್ಟು ಮಾಡಿ ಅದನ್ನು ತೂರಿಸುತ್ತಾರೆ. ಹಕ್ಕಿ ಬೆಳೆದ ಮೇಲೆ ಆ ಬಳೆಯನ್ನು ತೊಡಿಸಲೂ ಆಗುವುದಿಲ್ಲ, ತೆಗೆಯಲೂ ಆಗುವುದಿಲ್ಲ. "ಈ ಬಳೆ ಇದ್ರೆ ಮನುಷ್ಯರ ಕೈಯಲ್ಲಿ ಹುಟ್ಟಿದ್ದು ಅಂತಲೇ ಅರ್ಥ. ನಮ್ಮಂಥೋರು ಸಾಕಿ ಮಾರಿದ್ರೆ ತಾನೇ ಕಾಡಿಗೆ ಕೈ ಹಾಕೋದು ನಿಲ್ಲೋದು? ನಮಗೆ ಶಾಬಾಸ್ ಅನ್ನೋದು ಬಿಟ್ಟು ನಮ್ಮನ್ನೇ ಕಳ್ಳರ ಥರ ನೋಡ್ತಾರೆ," ಎಂದ.

ನನಗೆ ಅವನ ಮಾತು ಸರಿಯೆನಿಸಿತು. ತವರಿನ ಬಾಗಿನದಲ್ಲಿ ಬಂದದ್ದಕ್ಕೂ ಸರ್ಕಾರಕ್ಕೆ ಒಪ್ಪಿಸಬೇಕಾ ಎಂದು ನಾನೂ ದನಿ ಸೇರಿಸಿದೆ. ಇಷ್ಟೆಲ್ಲ ಕೂಗಾಡಿದ ತಮ್ಮ, ಹೋಗುವ ಮೊದಲು ನನ್ನ ಫೋನು ಇಸಿದುಕೊಂಡು ಕೂತು ನಮ್ಮ ಗಿಳಿಯನ್ನೂ ನನ್ನ ಹೆಸರಿಗೆ ನೋಂದಾಯಿಸಿಯೇ ಎದ್ದ. ಬಾಯಿ ಜೋರು, ಕೆಲಸ ಅಚ್ಚುಕಟ್ಟು. ಅವನಿಗೆ ನಾನು ಅವತ್ತು ಒಂದು ಒಳ್ಳೆಯ ಮಾತು ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಅವನು ಹೋದ ಮೇಲೆ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು. ಮಾವನವರು ಆಸ್ಪತ್ರೆಯಲ್ಲಿದ್ದಾಗಲ್ಲ, ಮನೆಗೆ ಬಂದ ಮೇಲೆ, ಗಿಳಿ ಅವರ ದನಿಯಲ್ಲಿ ಕರೆದ ಆ ದಿನ, ಅತ್ತೆ ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದಿಟ್ಟು, ನಲ್ಲೂರಿನ ಹುಣಸೆ ತೋಪಿನ ಅಮ್ಮನಿಗೆ ಹರಕೆ ಹೊತ್ತಿದ್ದರಂತೆ.

"ಅವರ ಮಾತು ಆ ಹಕ್ಕಿ ಹತ್ರ ಸೇರ್ಕೊಂಡಿತ್ತು ಕಣಮ್ಮ. ಅವರ ಮಾತು ಅವರಿಗೆ ಬಂದ್ರೆ, ತೋಪಿನಮ್ಮ, ನಿನ್ ಹೆಸರಲ್ಲಿ ಈ ಹಕ್ಕೀನ ನಿನ್ ಮರಕ್ಕೇ ಬಿಡ್ತೀನಿ ಅಂತ ಅಂದ್ಕೊಂಡಿದ್ದೆ. ಬಂತಲ್ಲ. ಈಗ ಬಿಡ್ಲೇಬೇಕು."

ನಮ್ಮ ಕಡೆ ದೇವರಿಗೆ ಬಿಡುವುದು ಹೊಸದಲ್ಲ. ಕಾಯಿಲೆ ವಾಸಿಯಾದರೆ ಹುಂಜ ಬಿಡುತ್ತಾರೆ, ಹೋರಿಗರು ಬಿಡುತ್ತಾರೆ. ಬಿಟ್ಟದ್ದನ್ನು ಯಾರೂ ಕಟ್ಟುವುದಿಲ್ಲ, ಮುಟ್ಟುವುದಿಲ್ಲ, ಅದು ಊರಲ್ಲಿ ಮೇದುಕೊಂಡು ಬದುಕುತ್ತದೆ. ಆದರೆ ಈ ಹಕ್ಕಿ ಸೀಬೆ ಕಾಯಿಯನ್ನು ಮರದಲ್ಲಿ ಕಂಡದ್ದೇ ಇಲ್ಲ, ತಟ್ಟೆಯಲ್ಲಿ ಕಂಡದ್ದು. ಕಾಗೆಗಳು ಕುಕ್ಕಿ ಸಾಯಿಸುತ್ತವೆ ಎಂದೆ. ಮಾವನವರಿಗೆ ಹೇಳಿ ಎಂದೆ. ಅತ್ತೆಯ ಕಣ್ಣು ತುಂಬಿತು.

"ಅವರಿಗೆ ಹೇಳಿದ್ರೆ ಬಿಡಕ್ ಬಿಡ್ತಾರಾ? ನಂಗೇನು ಇಷ್ಟಾನಾ? ಮಾತು ಕೊಟ್ಟು ತಪ್ಪಿದ್ರೆ, ಬಂದಿರೋ ಮಾತು ಮತ್ತೆ ಹೋದ್ರೆ ಏನ್ ಮಾಡ್ಲಿ ಹೇಳು."

ರಾತ್ರಿ ನನ್ನ ಗಂಡನಿಗೆ ವಿಷಯ ಹೇಳಿದೆ, ಅಮ್ಮ ಹೊತ್ತ ಹರಕೆ ಅಮ್ಮನೇ ತೀರಿಸಲಿ ಎಂದರು. ದೇವರಿಲ್ಲ ದಿಂಡರಿಲ್ಲ ಎಂದು ಬೇರೆ ದಿನ ನಾನು ವಾದ ಮಾಡಬಲ್ಲೆ. ಮಾವನವರ ಮಾತನ್ನು ಪಣಕ್ಕಿಟ್ಟು ವಾದ ಮಾಡುವ ಧೈರ್ಯ ನನಗೆ ಬರಲಿಲ್ಲ.

ಮಂಗಳವಾರ ನಮ್ಮ ಹಳೇ ವ್ಯಾನಿನಲ್ಲಿ ನಲ್ಲೂರಿಗೆ ಹೊರಟೆವು. ಪೂಜೆಗೆ ಹೋಗುತ್ತಿದ್ದೇವೆ, ಗಿಳಿಯನ್ನೂ ಅಮ್ಮನಿಗೆ ತೋರಿಸಿಕೊಂಡು ಬರೋಣ ಎಂದು ಮಾವನವರಿಗೆ ಅತ್ತೆ ಹೇಳಿದ್ದರು. ಮಾವ ಖುಷಿಯಿಂದ ಪಂಜರವನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. ದಾರಿಯುದ್ದಕ್ಕೂ ಅದಕ್ಕೆ ಕಿಟಕಿಯಾಚೆ ಏನೇನೋ ತೋರಿಸಿದರು. ಅತ್ತೆ ಹೂವಿನ ಬುಟ್ಟಿಯಲ್ಲಿ ತಲೆ ಹುದುಗಿಸಿ ಕೂತಿದ್ದರು.

ಆ ತೋಪಿನ ಹುಣಸೆ ಮರಗಳಿಗೆ ಎಷ್ಟು ವಯಸ್ಸೋ ಯಾರಿಗೂ ಖಚಿತವಿಲ್ಲ. ಬೊಡ್ಡೆಗಳು ತಿರುಚಿಕೊಂಡು, ಒಳಗೆ ಟೊಳ್ಳಾಗಿ, ಕೆಲವಂತೂ ಮನುಷ್ಯ ಒಳಗೆ ನಿಲ್ಲುವಷ್ಟು ಅಗಲವಾಗಿವೆ. ತೋಪಿನ ಅಂಚಿಗೆ ನಮ್ಮ ಅತ್ತೆಯ ಮನೆಯವರು ನಡೆದುಕೊಳ್ಳುವ ಅಮ್ಮನ ಕಲ್ಲು ಇದೆ. ಕಾಯಿ ಒಡೆದು ಮಂಗಳಾರತಿ ಆಯಿತು. ಮಾವ ಮರದ ಬೇರಿನ ಮೇಲೆ ಕೂತಿದ್ದರು. ಅತ್ತೆ ಪಂಜರವನ್ನು ಕಲ್ಲಿನ ಮುಂದಿಟ್ಟು ಕಣ್ಣು ಮುಚ್ಚಿ ಬಾಗಿಲು ತೆಗೆದರು.

ಗಿಳಿ ಹಾರಲಿಲ್ಲ. ಮೆಲ್ಲಗೆ ಹೊರಗೆ ಬಂದು ಪಂಜರದ ನೆತ್ತಿಯ ಮೇಲೆ ಕೂತು ಮೈ ಕೊಡವಿಕೊಂಡಿತು. ಮನೆಯಲ್ಲೂ ಅದು ಹಾಗೆ ಮಾಡುವುದುಂಟು, ಅದಕ್ಕೇ ಮಾವ ಸುಮ್ಮನೆ ನೋಡುತ್ತಿದ್ದರು. ಅಷ್ಟರಲ್ಲಿ ಏರ್‌ಪೋರ್ಟಿಗೆ ಇಳಿಯುವ ವಿಮಾನವೊಂದು ತಲೆಯ ಮೇಲೇ ಹೋಯಿತು. ಗಿಳಿ ಬೆಚ್ಚಿ ಎದ್ದು ಪಟಪಟನೆ ಮೇಲಕ್ಕೆ ಹೋಗಿ ಹುಣಸೆಯ ಎತ್ತರದ ಕೊಂಬೆಗೆ ಅಂಟಿಕೊಂಡಿತು. ಅತ್ತೆ ಕೈ ಮುಗಿದು ನಿಂತರು. ಮಾವ ಎದ್ದು ನಿಂತರು. ಒಮ್ಮೆ ಮರವನ್ನು, ಒಮ್ಮೆ ಅತ್ತೆಯ ಮುಗಿದ ಕೈಯನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಗುತ್ತದೆ ಎಂದು ಡಾಕ್ಟರು ಹೇಳಿದ್ದರಲ್ಲ, ಅವತ್ತೂ ಅರ್ಥವಾಯಿತು.

ತೋಪಿನ ಹಸಿರು ಗಿಳಿಗಳು ಸುತ್ತ ಬಂದು ಕಿರುಚತೊಡಗಿದವು. ಕಾಗೆಗಳೂ ಬಂದವು. ನಮ್ಮದು ಎಲೆಗಳ ನಡುವೆ ಮೈ ಉಬ್ಬಿಸಿಕೊಂಡು ತನಗೆ ಬರುವುದನ್ನೆಲ್ಲ ಹೇಳಿತು. ಪೀಂ ಪೀಂ ಎಂದಿತು. ಅದಕ್ಕೆ ಗಿಳಿಗಳ ಮಾತೇ ಬರುತ್ತಿರಲಿಲ್ಲ.

ಗಲಾಟೆಗೆ ಖಾಕಿ ಅಂಗಿಯ ಕಾವಲುಗಾರರೊಬ್ಬರು ಬಂದರು. ಆ ತೋಪು ರಕ್ಷಿತ ಜಾಗ, ಅಲ್ಲಿ ಕಾವಲಿರುತ್ತದೆ. "ಏನಮ್ಮ ಅದು, ಏನ್ ಬಿಟ್ರಿ ಮರಕ್ಕೆ?" ಎಂದರು. ಅತ್ತೆ ಇದ್ದದ್ದು ಇದ್ದಹಾಗೆ ಹೇಳಿದರು. ಅವರಿಗೂ ಇದಕ್ಕೇನು ಮಾಡಬೇಕೆಂದು ತಿಳಿಯಲಿಲ್ಲ. ಮೇಲಿನವರಿಗೆ ಫೋನು ಮಾಡಿದರು. ಕೆಂಪು ಬಾಲ ಸಾರ್, ಹ್ಞೂ ಸಾರ್, ಹರಕೆಯಂತೆ ಸಾರ್ ಎಂದು ಬಹಳ ಹೊತ್ತು ಮಾತಾಡಿದರು. ನೋಂದಣಿ ಆಗಿದೆಯಾ ಎಂದು ಕೇಳಿದರು. ನನ್ನ ಹೆಸರಲ್ಲಿದೆ ಎಂದೆ. ಫೋನು ಜೇಬಿಗಿಟ್ಟು ಅತ್ತೆಯ ಕಡೆ ತಿರುಗಿದರು.

"ಬಿಡೋ ಹಂಗಿಲ್ಲಮ್ಮ. ಹೊರಗಿನ ಹಕ್ಕಿ ಇದು. ಬದುಕಿದ್ರೆ ನಮ್ ಹಕ್ಕಿಗಳಿಗೆ ತೊಂದ್ರೆ, ಬದುಕ್ದಿದ್ರೆ ಇದಕ್ಕೇ ತೊಂದ್ರೆ. ಹಿಡ್ಕೊಂಡ್ ಹೋಗ್ಬೇಕು ನೀವು."

"ನಾವು ಸಾಕಿದ್ದು ಕಣಪ್ಪ. ನಮ್ದೇ ತಾನೆ?"

"ಸಾಕೋಕೆ ನಿಮ್ದು. ಬಿಡೋಕೆ ನಿಮ್ದಲ್ಲ."

ಅತ್ತೆ ಒಂದು ಹೆಜ್ಜೆ ಮುಂದೆ ಬಂದರು. "ಅಂದ್ರೆ, ಪೂರ್ತಿ ನಂದಲ್ಲ?"

"ಪೂರ್ತಿ ಯಾರದೂ ಅಲ್ಲಮ್ಮ. ಕಾನೂನಲ್ಲಿರೋ ಹಕ್ಕಿ."

ಅತ್ತೆಯ ಹೆಗಲು ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅವರು ತಿರುಗಿ ಅಮ್ಮನ ಕಲ್ಲಿನ ಮುಂದೆ ಕೂತರು. ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೆ ಮಾತಾಡಿದರು. "ಕೇಳಿಸ್ಕೊಂಡ್ಯಲ್ಲಮ್ಮ. ನಂದಲ್ಲದ್ದನ್ನ ಕೊಡ್ತೀನಿ ಅಂತ ಅಂದ್ಬಿಟ್ಟಿದ್ದೆ. ಯಾರದೋ ಹುಂಜ ತಂದು ನಿಂಗೆ ಬಿಡಕ್ಕಾಗ್ತದಾ? ನಂದೇ ಅನ್ನೋದನ್ನ ತಂದು ಬಿಡ್ತೀನಿ. ಅವರ ಮಾತಿಗೆ ಮಾತ್ರ ಕೈ ಹಚ್ಬೇಡ."

ನನ್ನ ಅರ್ಧ ತಮ್ಮನ ಕಡೆಯಿಂದ ಆಚೆ ಬಂದದ್ದು ಅಲ್ಲೇ. ಅವನು ಹೇಳಿದಂತೆ ಈ ಹಕ್ಕಿ ಬರೀ ಕೋಳಿಯೇ ಆಗಿದ್ದರೆ, ಕೊಂಡವರ ಸ್ವತ್ತೇ ಆಗಿದ್ದರೆ, ಅತ್ತೆಯ ಹರಕೆ ಹರಕೆಯೇ ಆಗುತ್ತಿತ್ತು. ಅದನ್ನು ಅಲ್ಲಿ ಕಾಗೆಗಳ ಪಾಲಿಗೆ ಬಿಟ್ಟು ನಾವು ಪ್ರಸಾದ ತಿಂದು ಮನೆಗೆ ಬರಬೇಕಿತ್ತು. ಕಾನೂನು ಮಾಡಿದವರು ನಮ್ಮ ಅತ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರಲಾರರು. ಆದರೂ ಅದು ಅವತ್ತು ಅವರನ್ನು ಹರಕೆಯಿಂದ ಬಿಡಿಸಿತು. ತಮ್ಮನಿಗೆ ಆಮೇಲೆ ಇದನ್ನು ಹೇಳಿದೆ. "ನಿಮ್ಮತ್ತೆ ಹರಕೆಗೂ ನನ್ ಶೆಡ್ಡಿಗೂ ಏನ್ ಸಂಬಂಧ ಅಕ್ಕ, ನಾನು ದಿನಾ ಇಲಾಖೆಗೆ ಓಡಾಡೋದು ತಪ್ತದಾ?" ಎಂದ. ತಪ್ಪುವುದಿಲ್ಲ. ಅವನ ಕಷ್ಟ ಅವನಿಗಿದೆ, ಅವನಂಥವರನ್ನು ಕಳ್ಳರಂತೆ ನೋಡಬಾರದು ಎಂದು ನಾನೂ ಹೇಳುತ್ತೇನೆ. ಆದರೆ ತಂತಿಯೊಳಗೆ ಹುಟ್ಟಿತು ಎನ್ನುವ ಕಾರಣಕ್ಕೆ ಒಂದು ಜೀವ ಪೂರ್ತಿ ನಮ್ಮ ಕೈಗೆ ಬಂದುಬಿಡುವುದು ಬೇಡ. ಪ್ರೀತಿಯಿಂದಲೂ ಭಕ್ತಿಯಿಂದಲೂ ನಾವು ಅದನ್ನು ಕೊಂದುಬಿಡಬಲ್ಲೆವು.

ಗಿಳಿ ಇನ್ನೂ ಮರದ ಮೇಲೇ ಇತ್ತು. ನಾನು ತಮ್ಮನಿಗೆ ಫೋನು ಮಾಡಿದೆ. ಅವನು ಮೊದಲು ನಮ್ಮ ವಂಶವನ್ನೆಲ್ಲ ಬೈದ.

"ಮೇಲಕ್ಕೆ ಹಾರಿಬಿಡ್ತದೆ ಅಕ್ಕ, ಕೆಳಕ್ಕೆ ಇಳಿಯೋದು ಅದಕ್ಕೆ ಗೊತ್ತಿಲ್ಲ. ಯಾರೂ ಕಲ್ಸಿಲ್ಲ. ಯಾರೂ ಮರ ಹತ್ಬೇಡಿ, ಹೆದರಿ ಇನ್ನೂ ಮೇಲಕ್ಕೆ ಹೋಗ್ತದೆ. ಗುರುತಿರೋ ದನೀಲಿ ಕರೀತಾ ಇರಿ, ಅಷ್ಟೆ."

ನಾನು ಕರೆದೆ. ನನ್ನ ಗಂಡ ಕರೆದರು. ಅತ್ತೆ ಸೀಬೆ ಕಾಯಿ ತೋರಿಸಿ ಕರೆದರು. ಗಿಳಿ ಬಗ್ಗಿ ನೋಡಿತು, ಕದಲಲಿಲ್ಲ. ತೋಪು ನೋಡಲು ಬಂದಿದ್ದ ಒಂದು ಗುಂಪು ಮೊಬೈಲು ಎತ್ತಿಕೊಂಡು ನಿಂತಿತು. ಒಂದು ಕಾಗೆ ಪಕ್ಕದ ಕೊಂಬೆಗೆ ಬಂದು ಕೂತಿತು.

ಮಾವ ಕಾಲೆಳೆದುಕೊಂಡು ಮರದ ಬುಡಕ್ಕೆ ಹೋದರು. ಹೊಸ್ತಿಲಾಚೆ ಬಾಯಿ ಬಿಡದಿದ್ದ ಮನುಷ್ಯ. ಗುಂಪನ್ನು ನೋಡಿದರು, ನಮ್ಮನ್ನು ನೋಡಿದರು. ತಲೆಯೆತ್ತಿ "ಲೇ... ಇವ... ಳೇ," ಎಂದರು. ಸೊಟ್ಟ ಬಾಯಿಂದ ಮಾತು ಮೂರು ಚೂರಾಗಿ ಬಂತು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಿರುಗಿ ನೋಡಿದ ನೋಟಕ್ಕೆ ಅವರು ಅಲ್ಲೇ ಸುಮ್ಮನಾದರು. ಮಾವ ಆ ಕಡೆ ನೋಡಲೇ ಇಲ್ಲ. ಇನ್ನೊಮ್ಮೆ, ಇನ್ನೂ ಜೋರಾಗಿ, ತೋಪಿಗೆಲ್ಲ ಕೇಳುವ ಹಾಗೆ ಕರೆದರು.

ಮರದ ಮೇಲಿಂದ ಅತ್ತೆಯ ದನಿಯಲ್ಲಿ "ಬಂದೆ ಇರ್ರೀ" ಎಂದು ಕೇಳಿತು.

ಗುಂಪಿನವರೆಲ್ಲ ಅತ್ತೆಯ ಮುಖ ನೋಡಿದರು. ಅತ್ತೆಯ ಬಾಯಿ ಮುಚ್ಚಿತ್ತು. ಗಿಳಿ ಹಾರಲಿಲ್ಲ, ಇಳಿಯತೊಡಗಿತು. ಕೊಕ್ಕಿನಿಂದ ಒಂದು ರೆಂಬೆ ಹಿಡಿಯುವುದು, ಒಂದು ಕಾಲು ಇಡುವುದು, ಇನ್ನೊಂದು ಕಾಲು ಇಡುವುದು. ಅಟ್ಟದ ಏಣಿ ಇಳಿಯುವ ಮಗುವಿನ ಹಾಗೆ. ನಡುವೆ ನಿಂತುಬಿಟ್ಟರೆ ಮಾವ ಮತ್ತೆ ಕರೆಯುವರು, ಅದು ಮತ್ತೆ ಉತ್ತರ ಕೊಟ್ಟು ಒಂದು ಕೊಂಬೆ ಇಳಿಯುವುದು. ಕಾವಲುಗಾರರು ಟೊಪ್ಪಿಗೆ ಬೀಸಿ ಕಾಗೆಯನ್ನು ಓಡಿಸುತ್ತಿದ್ದರು. ಮಾವ ತಮ್ಮ ಜೀವಮಾನದಲ್ಲಿ ಅತ್ತೆಯನ್ನು ಅಷ್ಟು ಸಲ ಒಟ್ಟಿಗೆ ಕರೆದಿರಲಿಕ್ಕಿಲ್ಲ. ಕೊನೆಗೆ ಅದು ಕೈಗೆಟುಕುವ ಕೊಂಬೆಗೆ ಬಂದು ಅವರ ಬಲಭುಜದ ಮೇಲೆ ಕಾಲಿಟ್ಟಿತು.

ಮಾವ ತಾವೇ ಅದನ್ನು ಪಂಜರದೊಳಗೆ ಬಿಟ್ಟು, ಸರಿಯಾಗಿ ಬರದ ಬಲಗೈಯಿಂದಲೇ ತಡಕಾಡಿ ಬಾಗಿಲು ಹಾಕಿದರು. ಗುಂಪು ಚದುರಿತು. ಕಾವಲುಗಾರರಿಗೆ ನಾನು ಪ್ರಸಾದದ ಬಾಳೆಹಣ್ಣು ಕೊಟ್ಟು ಕೈ ಮುಗಿದೆ. ಅವರು ಸಂಕೋಚಪಟ್ಟುಕೊಂಡು ಹೊರಟುಹೋದರು.

ಅತ್ತೆ ತಪ್ಪು ಮಾಡಿದವರಂತೆ ಬೇರಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಮಾವ ಹೋಗಿ ಅವರ ಎದುರು ನಿಂತರು. ಬೈಯುತ್ತಾರೆಂದು ನಾನು ಅಂದುಕೊಂಡೆ. ಬೈಯಲು ಬೇಕಾಗುವಷ್ಟು ಮಾತು ಅವರಿಗೆ ಬಂದಿರಲೂ ಇಲ್ಲ.

ಪಂಜರದ ಕಡೆ ಕೈ ತೋರಿಸಿ "ನನಗೂ," ಎಂದರು. ಪದ ಸಿಗದೆ ನಿಂತರು. ಅತ್ತೆ ತಲೆ ಎತ್ತಿ ಕಾದರು, ಹೇಳಿಕೊಡಲು ಹೋಗಲಿಲ್ಲ. "ನನಗೂ... ಬಾಯಿರ್ಲಿಲ್ಲ. ನನ್ನ... ಮನೇಲೇ ಇಟ್ಕೊಂಡ್ಯಲ್ಲೇ."

ಅತ್ತೆ ಅವರ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇನ್ನೆಲ್ಲಿ ಇಡ್ಲಿ ನಿಮ್ಮನ್ನ," ಎಂದರು.